ಮಾಮಾನ ನಕ್ಷತ್ರ

ಮಿಲಿಟರಿಯಿಂದ ಪೆನ್ಷನ್ ಪಡೆದು ಬಂದವರ ಟ್ರಂಕಿನಲ್ಲಿ ಮೂರು ವಸ್ತುಗಳು ತಪ್ಪದೆ ಇರುತ್ತವೆ: ಒಂದು ಕಂಬಳಿ, ಒಂದು ಎನಾಮಲ್ ಮಗ್ಗು, ಒಂದು ಡಿಸ್ಚಾರ್ಜ್ ಬುಕ್. ಕಂಬಳಿಯನ್ನು ನುಸಿ ತಿನ್ನುತ್ತದೆ, ಮಗ್ಗಿನ ಬಣ್ಣ ಎದ್ದು ಹೋಗುತ್ತದೆ. ಪುಸ್ತಕ ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ, ಅದರ ಮೇಲೊಂದು ಬಟ್ಟೆಯ ಸುತ್ತಿನಲ್ಲಿ, ಹೊಲದ ಉತಾರದ ಜೊತೆಗೆ ಭದ್ರವಾಗಿರುತ್ತದೆ. ಅದರಲ್ಲಿ ಮನುಷ್ಯನ ನಂಬರು, ಎತ್ತರ, ಎದೆಯಳತೆ, ಮೈಮೇಲಿನ ಮಚ್ಚೆ, ಕಲಿತ ಕೆಲಸ, ನಡತೆ ಎಲ್ಲವೂ ನಮೂದಾಗಿರುತ್ತವೆ. ಪದಕಗಳಿಗೆಂದು ಒಂದು ಜಾಗವಿರುತ್ತದೆ. ನಾನು ಹೇಳಹೊರಟಿರುವುದು ಆ ಜಾಗದ ಮಾತು.

ನಮ್ಮ ಗೋಕಾಕ ತಾಲೂಕಿನ ಕಡೆ ಇಂಥ ಟ್ರಂಕು ಇರುವ ಮನೆಗಳು ಬಹಳ. ಬೆಳಗಾವಿಯಲ್ಲಿ ಮರಾಠಾ ರೆಜಿಮೆಂಟಿನ ಕೇಂದ್ರವಿರುವುದರಿಂದ ಹುಡುಗರಿಗೆ ಫೌಜಿನ ದಾರಿ ಚಿಕ್ಕಂದಿನಿಂದ ಗೊತ್ತು. ನನ್ನ ಸೋದರಮಾವ ಸೇರಿದ್ದು ಬೇರೆ ದಳ. ಯಾವುದೆಂದು ಬರೆಯುವುದಿಲ್ಲ, ಮುಂದಿನ ಕಥೆಯಲ್ಲಿ ಆ ದಳದ ರೆಕಾರ್ಡ್ಸ್ ಆಫೀಸಿನ ಮರ್ಯಾದೆಯ ಪ್ರಶ್ನೆಯೂ ಸ್ವಲ್ಪ ಇದೆ. 1961ರಲ್ಲಿ ಹತ್ತೊಂಬತ್ತನೆಯ ವಯಸ್ಸಿಗೆ ಸೇರಿದರು; ಲಾರಿ ಓಡಿಸಲು ಕಲಿತರು; ಹದಿನೈದು ವರ್ಷ ದುಡಿದು 1976ರ ಮಾರ್ಚಿನಲ್ಲಿ ನಾಯಕ್ ಆಗಿ ಊರಿಗೆ ಬಂದು ಕಬ್ಬು ಬೆಳೆಯತೊಡಗಿದರು.

ಮಾಮಾನ ಬಾಯಲ್ಲಿ ನಾವು ಕೇಳುತ್ತ ಬೆಳೆದದ್ದು ಒಂದೇ ಕಥೆ, ಖೇಮಕರಣದ್ದು. ಪಂಜಾಬಿನ ಗಡಿಯ ಆ ಊರಿನ ಹತ್ತಿರ ಅಸಲ್ ಉತ್ತರ್ ಎಂಬ ಹಳ್ಳಿಯಿದೆ. 1965ರ ಸೆಪ್ಟೆಂಬರ್ 8ರಿಂದ 10ರವರೆಗೆ ಅಲ್ಲಿ ನಡೆದ ಟ್ಯಾಂಕುಗಳ ಕಾಳಗ ನಮ್ಮ ಸೈನ್ಯದ ಚರಿತ್ರೆಯಲ್ಲಿ ದೊಡ್ಡ ಹೆಸರು. ಜೀಪಿನ ಮೇಲಿನ ತೋಪಿನಿಂದ ಪ್ಯಾಟನ್ ಟ್ಯಾಂಕುಗಳನ್ನು ಹೊಡೆದು ಮಡಿದ ಹವಾಲ್ದಾರ್ ಅಬ್ದುಲ್ ಹಮೀದರಿಗೆ ಪರಮವೀರ ಚಕ್ರ ಬಂದದ್ದು ಇದೇ ಕಾಳಗಕ್ಕೆ. ನಮ್ಮ ಮಾಮಾ ಯಾವ ಟ್ಯಾಂಕನ್ನೂ ಹೊಡೆಯಲಿಲ್ಲ, ಹೊಡೆದೆನೆಂದು ಹೇಳಿದವರೂ ಅಲ್ಲ. ಹಿಂದಿನಿಂದ ನೀರು, ರೇಷನ್ನು ಹೊತ್ತ ಲಾರಿ ನಡೆಸುತ್ತಿದ್ದರು. ಆದರೆ ಅವರು ಕಂಡದ್ದನ್ನು ಒಬ್ಬ ರೈತ ಕಂಡಂತೆ ಹೇಳುತ್ತಿದ್ದರು.

"ಕಬ್ಬಿನ ಗದ್ದಿಗೆ ನೀರ ಬಿಟ್ಟಿದ್ರು ನಮ್ಮವರು. ನೆಲಾ ಎಲ್ಲಾ ರಾಡಿ. ಅಂಥಾ ದೊಡ್ಡ ಟ್ಯಾಂಕು, ಎಮ್ಮಿ ಹುದಲಾಗ ಸಿಕ್ಕಂಗ ಸಿಕ್ಕಿದ್ವು. ಕಬ್ಬು ಏನ್ ಎತ್ತರ ಇತ್ತಪಾ! ಅಷ್ಟು ಚಲೋ ಬೆಳಿ ಹಾಳಾತಲ್ಲ ಅಂತ ನನಗ ಹೊಟ್ಟ್ಯಾಗ ಸಂಕಟ ಆತು."

ಯುದ್ಧಭೂಮಿಯಲ್ಲಿ ನಿಂತು ಬೆಳೆಗಾಗಿ ಮರುಗಿದವರು ಇನ್ನೆಷ್ಟು ಜನ ಇದ್ದರೋ! ಈ ಕಥೆ ಮೊದಲು ನಮಗೆ, ಆಮೇಲೆ ಅವರ ಮಕ್ಕಳಿಗೆ, ಈಗ ಮೊಮ್ಮಗನಿಗೆ ಬಂದಿದೆ.

2023ರ ಜನವರಿ 26ರಂದು ಊರಿನ ಶಾಲೆಯಲ್ಲಿ ಮಾಜಿ ಸೈನಿಕರನ್ನು ಕರೆದು ಶಾಲು ಹೊದಿಸಿದರು. ಮಾಮಾ ತಮ್ಮ ಪದಕಗಳ ಪಟ್ಟಿಯನ್ನು ಎದೆಗೆ ಹಾಕಿಕೊಂಡು ಹೋಗಿದ್ದರು. ಪಕ್ಕದೂರಿನಿಂದ ಬಂದಿದ್ದ, ಇವರಿಗಿಂತ ಬಹಳ ಕಿರಿಯನಾದ ಒಬ್ಬ ಪೆನ್ಷನರು ಅದನ್ನು ದಿಟ್ಟಿಸಿ ನೋಡಿ, "ಅಜ್ಜಾರ, 65ರ ಸ್ಟಾರ್ ಇಲ್ಲಲ್ಲ, ಆವಾಗ ನೀವು ಎಲ್ಲಿದ್ರಿ?" ಎಂದನಂತೆ. ಕುಹಕವಿತ್ತೋ ಇಲ್ಲವೋ ತಿಳಿಯದು. ಆದರೆ ಬಲ್ಲವನ ಪ್ರಶ್ನೆ. 1965ರ ಯುದ್ಧಕ್ಕೆ ಸರಕಾರ ಎರಡು ಪದಕಗಳನ್ನು ಕೊಟ್ಟಿತು. ಆ ಕಾಲದಲ್ಲಿ ಸೇವೆಯಲ್ಲಿದ್ದವರಿಗೆಲ್ಲ, ಸಿಕಂದರಾಬಾದಿನ ಉಗ್ರಾಣದಲ್ಲಿ ಬೂಟು ಎಣಿಸುತ್ತಿದ್ದವರಿಗೂ, ರಕ್ಷಾ ಪದಕ. ಕಾಳಗದ ಪ್ರದೇಶದಲ್ಲಿ ಇದ್ದವರಿಗೆ ಸಮರ ಸೇವಾ ಸ್ಟಾರ್. ಮಾಮಾನ ಎದೆಯ ಮೇಲೆ ಮೊದಲನೆಯದು ಇತ್ತು, ಎರಡನೆಯದು ಇರಲಿಲ್ಲ. ಅಂದರೆ, ಬಲ್ಲವರ ಲೆಕ್ಕದಲ್ಲಿ, ಖೇಮಕರಣವೂ ಇರಲಿಲ್ಲ.

ಅವರು ಏನೂ ಉತ್ತರ ಕೊಡದೆ ಮನೆಗೆ ಬಂದರು. ಅಂದಿನಿಂದ ಮೊಮ್ಮಗ ಕೇಳಿದರೂ ಆ ಕಥೆ ಹೇಳುವುದನ್ನು ನಿಲ್ಲಿಸಿಬಿಟ್ಟರು. ಫೋನ್ ಮಾಡಿದವಳು ಅತ್ತೆ. "ನೀ ಬ್ಯಾಂಕಿನ್ಯಾಗ ಇದ್ದಾಂವ, ಕಾಗದದ ಕೆಲಸ ನಿನಗ ಗೊತ್ತೈತಿ. ಒಮ್ಮೆ ಬಂದು ನೋಡು."

ದಾದರಿನಲ್ಲಿ ರೈಲು ಹತ್ತಿ ಘಟಪ್ರಭಾ ಸ್ಟೇಷನ್ನಿನಲ್ಲಿ ಇಳಿದೆ. ಮಾಮಾ ಒಪ್ಪಲಿಲ್ಲ. "ಎಂಬತ್ತು ದಾಟೇತಿ ನನಗ. ಸ್ಟಾರ್ ತಗೊಂಡು ಏನ್ ಉಪ್ಪಿನಕಾಯಿ ಹಾಕೂದೈತೇನು?" ಎಂದರು. ಅವರ ಮಾತಿನಲ್ಲಿ ತಪ್ಪೇನಿಲ್ಲ. ಶೌರ್ಯ ಪ್ರಶಸ್ತಿಗಳಿಗೆ ಭತ್ಯೆ ಉಂಟು. ಇಂಥ ಯುದ್ಧಸೇವೆಯ ಪದಕಕ್ಕೆ ಒಂದು ಪೈಸೆಯೂ ಇಲ್ಲ. ನಾನು ವಾದ ಮಾಡದೆ ಟ್ರಂಕು ತೆಗೆಸಿದೆ.

ಬ್ಯಾಂಕಿನ ಮೂವತ್ತೈದು ವರ್ಷದ ಚಾಳಿ: ಯಾವುದೇ ಪುಸ್ತಕವನ್ನು ಮೊದಲು ಅದರ ಮಾತಿಗೆ ಅದೇ ಒಪ್ಪುತ್ತದೆಯೋ ಎಂದು ನೋಡುವುದು. ಈ ಪುಸ್ತಕ ಒಪ್ಪಲಿಲ್ಲ. ಅದರಲ್ಲಿ ನಮೂದಾಗಿದ್ದವು ರಕ್ಷಾ ಪದಕ, 1971ರ ಪಶ್ಚಿಮೀ ಸ್ಟಾರ್, ಸಂಗ್ರಾಮ ಪದಕ, ಒಂಬತ್ತು ವರ್ಷದ ದೀರ್ಘ ಸೇವಾ ಪದಕ. ಆದರೆ ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೆಂದು, 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆಲ್ಲ ಕೊಟ್ಟ ಪದಕವಿರಲಿಲ್ಲ. 1961ರಲ್ಲಿ ಸೇರಿ 1976ರಲ್ಲಿ ಬಿಟ್ಟ ಮನುಷ್ಯ 1972ರಲ್ಲಿ ಸೇವೆಯಲ್ಲಿ ಇರಲೇಬೇಕಷ್ಟೆ! ಸಾಕ್ಷಿ ಬೇರೆ ಬೇಡ, ಮೊದಲ ಪುಟವೇ ಸಾಕ್ಷಿ. ಒಂದು ತಪ್ಪು ಹೀಗೆ ಕಣ್ಣಿಗೆ ಹೊಡೆಯುವಂತೆ ಇದ್ದ ಮೇಲೆ ಇನ್ನೊಂದೂ ಇದ್ದೀತು ಎಂದು ನನಗೆ ಧೈರ್ಯ ಬಂತು.

ಸಮರ ಸೇವಾ ಸ್ಟಾರಿನದು ಇಷ್ಟು ಸುಲಭವಲ್ಲ. 1965ರ ಪದಕಗಳನ್ನು ಸರಕಾರ ಸ್ಥಾಪಿಸಿದ್ದು 1967ರಲ್ಲಿ. ಯುದ್ಧ ಮುಗಿದು ಒಂದು ವರ್ಷವಾದ ಮೇಲೆ, ಯಾರು ಯಾರು ಎಲ್ಲೆಲ್ಲಿದ್ದರು ಎಂದು ಪಟ್ಟಿ ಮಾಡಿ, ಪಾರ್ಟ್ ಟೂ ಆರ್ಡರ್ ಎಂಬ ದೈನಂದಿನ ಆಜ್ಞೆಗಳಲ್ಲಿ ಪ್ರಕಟಿಸಿ, ಅದನ್ನು ರೆಕಾರ್ಡ್ಸ್ ಆಫೀಸಿನಲ್ಲಿರುವ ಪ್ರತಿಯೊಬ್ಬನ ಶೀಟ್ ರೋಲ್‌ನಲ್ಲಿ ಏರಿಸಬೇಕು. ಸೈನ್ಯದಲ್ಲಿ ರಜೆ, ಬಡ್ತಿ, ಮದುವೆ, ಮಗು, ಪದಕ ಯಾವುದೇ ಆಗಲಿ, ಆ ಆಜ್ಞೆಯಲ್ಲಿ ಬಾರದಿದ್ದರೆ ನಡೆದೇ ಇಲ್ಲ. ತನ್ನ ಯೂನಿಟ್ಟಿನಲ್ಲೇ ಇದ್ದವನಿಗೆ ಇದೆಲ್ಲ ತಾನಾಗಿ ಆಗುತ್ತದೆ. ಮಾಮಾನನ್ನು 1965ರ ಬೇಸಿಗೆಯಲ್ಲಿ ಇನ್ನೊಂದು ಯೂನಿಟ್ಟಿಗೆ ಎರವಲು ಕಳಿಸಿದ್ದರು. ಯುದ್ಧ ಮಾಡಿದ್ದು ಒಂದು ಮನೆಯಲ್ಲಿ, ಲೆಕ್ಕ ಇದ್ದದ್ದು ಇನ್ನೊಂದು ಮನೆಯಲ್ಲಿ. ಸೊಸೆಯ ತವರಿನ ಸೀರೆಗಳು ಕಳೆದುಹೋಗುವುದೂ ಇದೇ ರೀತಿ.

ನನ್ನ ತಾಯಿ, ಅಂದರೆ ಮಾಮಾನ ಅಕ್ಕ, ತೀರಿಕೊಂಡ ಮೇಲೆ ಅವಳ ಪೆಟ್ಟಿಗೆ ಡೊಂಬಿವಲಿಯ ನಮ್ಮ ಮನೆಯಲ್ಲೇ ಇತ್ತು. ಅದರಲ್ಲಿ ಆ ವರ್ಷದ ಆರು ಕಾಗದಗಳು ಸಿಕ್ಕಾಗ ಕೆಲಸವಾಯಿತೆಂದೇ ಹಿಗ್ಗಿದೆ. ಪ್ರತಿಯೊಂದರ ಮೇಲೂ 56 ಎ.ಪಿ.ಓ. ಎಂಬ ವಿಳಾಸ. ಕೂತು ಯೋಚಿಸಿದಾಗ ತಿಳಿಯಿತು, ಆ ವಿಳಾಸ ಇರುವುದೇ ಸೈನಿಕ ಎಲ್ಲಿದ್ದಾನೆಂದು ಯಾರಿಗೂ ತಿಳಿಯಬಾರದೆಂದು! ಒಳಗಿನ ಬರಹದಲ್ಲೂ "ನಾನು ಸುಖವಾಗಿದ್ದೇನೆ, ಮಳೆ ಬೆಳೆ ಹೇಗಿದೆ" ಎಂಬುದರ ಹೊರತು ಏನೂ ಇಲ್ಲ. ಒಂದರಲ್ಲಿ ಮಾತ್ರ "ನಾಲ್ಕು ದಿನ ಚಳಿಜ್ವರ ಬಂದು ಮಲಗಿದ್ದೆ, ಈಗ ವಾಸಿ" ಎಂದಿತ್ತು. ತಾರೀಖು ಅಕ್ಟೋಬರ್ 1965.

ಈ ಚಳಿಜ್ವರವೇ ನಮ್ಮನ್ನು ಕಾಪಾಡಿತು. ಆದರೆ ಅದಕ್ಕೆ ಸಮಯ ಹಿಡಿಯಿತು.

ಮೊದಲು ನೇರವಾಗಿ ಒಂದು ಅರ್ಜಿ ಕಳಿಸಿದೆವು. ನಂಬರು, ದರ್ಜೆ, ಹೆಸರು, ಸೇರಿದ ಮತ್ತು ಬಿಟ್ಟ ತಾರೀಖು, ಡಿಸ್ಚಾರ್ಜ್ ಬುಕ್ಕಿನ ಎಲ್ಲ ಪುಟಗಳ ಮತ್ತು ಪೆನ್ಷನ್ ಆರ್ಡರಿನ ಜೆರಾಕ್ಸು. ಎರಡು ತಿಂಗಳಿಗೆ ಉತ್ತರ ಬಂತು. ಬೆಳ್ಳಿಹಬ್ಬದ ಪದಕಕ್ಕೆ ಹಕ್ಕಿದೆ, ನಮೂದಿಸಲಾಗುವುದು. ಅದು ಐವತ್ತು ವರ್ಷ ಯಾಕೆ ಬಿಟ್ಟುಹೋಗಿತ್ತೆಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಸ್ಟಾರಿನ ಬಗ್ಗೆ ಯಾವ ಆಜ್ಞೆಯೂ ಕಂಡುಬಂದಿಲ್ಲ, ಪುರಾವೆ ಇದ್ದರೆ ಕಳಿಸಿ, ಎಂದು ಒಂದೇ ಸಾಲು. ಮಾಮಾ ಓದಿಸಿ ಕೇಳಿ, "ನಾ ಹೇಳಿದ್ದೆ" ಎಂಬಂತೆ ಎಲೆಯಡಿಕೆ ಚೀಲ ಬಿಚ್ಚಿದರು.

ಪುರಾವೆ ನಮ್ಮ ಹತ್ತಿರ ಕೇಳಿದರೆ ಹೇಗೆ? ಪುರಾವೆಗಳೆಲ್ಲ ಇರುವುದು ಅವರ ಕಪಾಟಿನಲ್ಲೇ. ಆದ್ದರಿಂದ ಎರಡನೆಯ ಹೆಜ್ಜೆಯಾಗಿ 2005ರ ಮಾಹಿತಿ ಹಕ್ಕಿನ ಕಾಯಿದೆಯಡಿ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಮಾಮಾನ ಸ್ವಂತ ಸಹಿಯಿಂದಲೇ ಅವರ ಶೀಟ್ ರೋಲ್ ಮತ್ತು ವೈದ್ಯಕೀಯ ಕಾಗದಗಳ ನಕಲು ಕೇಳಿದೆವು. ಇಲ್ಲೊಂದು ಮಾತು ಓದುಗರು ಗಮನಿಸಬೇಕು. ಪೆನ್ಷನ್ ಪಡೆದ ಸಿಪಾಯಿಯ ಕಾಗದಗಳನ್ನು ಸೈನ್ಯ ಐವತ್ತು ವರ್ಷ ಕಾಯ್ದಿಡುತ್ತದೆ. ಪೆನ್ಷನ್ ಇಲ್ಲದವನದನ್ನು ಇಪ್ಪತ್ತೈದೇ ವರ್ಷ. ಅನಂತರ ಅವುಗಳನ್ನು ನಾಶಮಾಡುವುದು ನಿಯಮ. 1976ಕ್ಕೆ ಐವತ್ತು ಸೇರಿಸಿದರೆ 2026. ನಾವು ಅರ್ಜಿ ಹಾಕಿದ್ದು 2023ರ ಮಳೆಗಾಲದಲ್ಲಿ. ಇದನ್ನು ಹೇಳಿದಾಗ ಮಾತ್ರ ಮಾಮಾ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದರು. "ಅಂದ್ರ ನಾ ಇರೂದ್ರಾಗ ನನ್ನ ಕಾಗದ ಸುಡ್ತಾರಂತೇನು?" ಎಂದರು. ಅಲ್ಲಿಂದ ಮುಂದೆ ಅಂಚೆಯವನ ದಾರಿ ಕಾಯುವವರಲ್ಲಿ ಅವರೇ ಮೊದಲಿಗರಾದರು.

ನಕಲುಗಳು ಬಂದವು. ಹಳೆಯ ಟೈಪು, ಅದರ ಮೇಲೆ ಹಸಿರು ಶಾಯಿ, ಅದರ ಮೇಲೆ ಪೆನ್ಸಿಲ್. ಭೂತಗನ್ನಡಿ ಹಿಡಿದು ನಾನೂ ಮಾಮಾನ ಮಗನೂ ಎರಡು ರಾತ್ರಿ ಓದಿದೆವು. ವೈದ್ಯಕೀಯ ಹಾಳೆಯಲ್ಲಿ ಅಕ್ಟೋಬರ್ 1965ರ ನಾಲ್ಕು ದಿನದ ಮಲೇರಿಯಾ ಇತ್ತು, ಅಮ್ಮನಿಗೆ ಬರೆದ ಅದೇ ಚಳಿಜ್ವರ! ದಾಖಲು ಮಾಡಿಕೊಂಡಿದ್ದ ಫೀಲ್ಡ್ ಆಂಬುಲೆನ್ಸಿನ ಸಂಖ್ಯೆಯೂ ಇತ್ತು. ಆ ಆಂಬುಲೆನ್ಸು ಆಗ ಎಲ್ಲಿತ್ತೆಂದು ನಮಗೆ ತಿಳಿಯದಿದ್ದರೂ ಸೈನ್ಯಕ್ಕೆ ತಿಳಿಯದೆ ಇರಲು ಸಾಧ್ಯವಿಲ್ಲ. ಇನ್ನೊಂದು ಹಾಳೆಯಲ್ಲಿ ಎರವಲು ಯೂನಿಟ್ಟು ಕಳಿಸಿದ ಪಟ್ಟಿಯ ಉಲ್ಲೇಖ. ಅದರಲ್ಲಿ ಮಾಮಾನ ಹೆಸರಿದೆ, ಆದರೆ ನಂಬರಿನ ಕೊನೆಯ 47 ಇದ್ದಲ್ಲಿ 74 ಎಂದಾಗಿದೆ. ಪಕ್ಕದಲ್ಲಿ ಯಾವನೋ ಗುಮಾಸ್ತ "ನಂಬರು ಹೆಸರು ತಾಳೆಯಾಗುವುದಿಲ್ಲ" ಎಂದು ಪೆನ್ಸಿಲ್ಲಿನಲ್ಲಿ ಗೀಚಿ, ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಮುಂದಿನ ಹೆಸರಿಗೆ ಹೋಗಿಬಿಟ್ಟಿದ್ದಾನೆ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವನ ಮುಂದೆ ಸಾವಿರ ಹೆಸರುಗಳಿದ್ದಿರಬೇಕು. ತಾಳೆಯಾಗದ ಒಂದು ಕಲಮು ಮೇಜಿನ ಮೇಲಿದ್ದರೆ ಸಂಜೆ ಐದೂವರೆಗೆ ಮನಸ್ಸು ಹೇಗಿರುತ್ತದೆಂದು ನಮ್ಮ ಬ್ಯಾಂಕಿನವರಿಗೆ ಗೊತ್ತು. ಆದರೆ ಮರುದಿನ ಅದನ್ನು ಮತ್ತೆ ತೆಗೆದು ನೋಡಬೇಕಾಗಿತ್ತು. ಆ ಮರುದಿನ ಬರಲು ಐವತ್ತಾರು ವರ್ಷ ಬೇಕಾಯಿತು.

ಎಲ್ಲವನ್ನೂ ಗುರುತು ಹಾಕಿ, ಒಂದು ಪುಟದ ಅರ್ಜಿಯ ಜೊತೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆವು. ಮೂರು ಸಲ ಜ್ಞಾಪನ ಪತ್ರ, ಒಂದು ಸಲ "ವಿಷಯ ಪರಿಶೀಲನೆಯಲ್ಲಿದೆ" ಎಂಬ ಉತ್ತರ. 2024ರ ದೀಪಾವಳಿಯ ನಂತರ ಕಾಗದ ಬಂತು. ಸಮರ ಸೇವಾ ಸ್ಟಾರ್ 1965 ಮತ್ತು ಬೆಳ್ಳಿಹಬ್ಬದ ಪದಕಗಳನ್ನು ದಾಖಲೆಯಲ್ಲಿ ಏರಿಸಲಾಗಿದೆ, ಡಿಸ್ಚಾರ್ಜ್ ಬುಕ್ ಕಳಿಸಿದರೆ ಅದರಲ್ಲೂ ತಿದ್ದಿ ಮುದ್ರೆ ಒತ್ತಿ ಹಿಂದಿರುಗಿಸಲಾಗುವುದು. ಕ್ಷಮೆ ಗಿಮೆ ಏನಿಲ್ಲ. ಮಾಮಾ ಪುಸ್ತಕವನ್ನು ಅಂಚೆಗೆ ಕೊಡಲು ಒಪ್ಪದೆ, ಮಗನನ್ನು ಜೊತೆಗೆ ಕರೆದುಕೊಂಡು ತಾವೇ ರೈಲಿನಲ್ಲಿ ಹೋಗಿ ಮಾಡಿಸಿಕೊಂಡು ಬಂದರು.

ಪದಕಗಳು ಇನ್ನೂ ಕೈಗೆ ಬಂದಿಲ್ಲ. ದೆಹಲಿ ಛಾವಣಿಯ ಗೋಪೀನಾಥ ಬಜಾರದಲ್ಲಿ ಇಂಥವುಗಳ ನಕಲು ಸಿಗುತ್ತವೆ. ಸೇವೆಯಲ್ಲಿರುವವರೇ ಅಲ್ಲಿ ಕೊಳ್ಳುವುದುಂಟು. ತರಿಸಿಕೊಡಲೇ ಎಂದು ಕೇಳಿದೆ. "ಬ್ಯಾಡ. ಅಸಲಿನ ಮ್ಯಾಲೆ ನನ್ನ ನಂಬರು ಕೊರದಿರ್ತಾರ. ಈ ಸಲ 47 ಐತೋ 74 ಐತೋ ನೋಡೂದೈತಿ" ಎಂದರು. ಆ ಕಿರಿಯ ಪೆನ್ಷನರನಿಗೆ ಪುಸ್ತಕ ತೋರಿಸಿದರೋ ಎಂದರೆ, ಇಲ್ಲವಂತೆ. ಮೊಮ್ಮಗ ಮಾತ್ರ ಟ್ಯಾಂಕು ರಾಡಿಯಲ್ಲಿ ಸಿಕ್ಕಿದ್ದನ್ನು ಮತ್ತೆ ಕೇಳಿಸಿಕೊಳ್ಳುತ್ತಿದ್ದಾನೆ. ಅತ್ತೆ ಹೇಳುವ ಪ್ರಕಾರ ಈಗ ಕಥೆಯಲ್ಲಿ ಮಲೇರಿಯಾದ ಭಾಗ ಉದ್ದವಾಗಿದೆ.

ಈ ಕಾಗದಗಳ ನಡುವೆ ಇನ್ನೊಂದು ವಿಷಯ ಹೊರಬಿತ್ತು. ಶೀಟ್ ರೋಲ್‌ನಲ್ಲಿ ಹೆಂಡತಿ ಎಂದು ಬರೆದಿರುವುದು ಅತ್ತೆಯ ತವರಿನ ಹೆಸರು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮದುವೆಯ ದಿನ ಅಕ್ಕಿಯಲ್ಲಿ ಹೊಸ ಹೆಸರು ಬರೆಸುತ್ತಾರಲ್ಲ, ಆಧಾರ್ ಕಾರ್ಡಿನಲ್ಲಿರುವುದು ಅದು. ಎರಡೂ ಒಬ್ಬಳೇ ಎಂದು ಊರಿಗೆ ಗೊತ್ತು, ಪೆನ್ಷನ್ ಕಚೇರಿಗೆ ಗೊತ್ತಿಲ್ಲ. ನಾಳೆ ಕುಟುಂಬ ಪೆನ್ಷನ್ನಿನ ಮಾತು ಬಂದರೆ ಅತ್ತೆ ತಾನು ತಾನೇ ಎಂದು ಸಾಬೀತು ಮಾಡುತ್ತ ಅಲೆಯಬೇಕು. ಸ್ಟಾರ್ ಬೇಡವೆಂದು ಎಲೆಯಡಿಕೆ ಹಾಕುತ್ತಿದ್ದ ಮಾಮಾ ಇದನ್ನು ಕೇಳಿದ ಸಂಜೆಯೇ ನನಗೆ ಫೋನ್ ಮಾಡಿದರು.

"ನನ್ನ ಚಿಕ್ಕೀ ಕೆಲಸ ಆತು. ಈಗ ಇಕಿ ಹೆಸರು ಹಚ್ಚಿಸು. ನಾ ಹ್ವಾದ ಮ್ಯಾಲೆ ಇಕಿ ಬ್ಯಾಂಕಿನ ಮುಂದ ನಿಂದರಬಾರದು."

ಅಫಿಡವಿಟ್ ಆಗಿದೆ, ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟಾಗಿದೆ. ಇಬ್ಬರೂ ಕೂಡಿ ತೆಗೆಸಿಕೊಂಡ ಫೋಟೋ ಬೇಕು ಎಂದಾಗ ಗೋಕಾಕದ ಸ್ಟುಡಿಯೋಕ್ಕೆ ಹೋಗಿದ್ದರು. ಮಾಮಾ ಪದಕದ ಪಟ್ಟಿ ಹಾಕಿಕೊಂಡು ಹೊರಟರೆ ಅತ್ತೆ, "ಇದು ನನ್ನ ಅರ್ಜಿ, ನಿಮ್ಮದಲ್ಲ" ಎಂದು ತೆಗೆಸಿಟ್ಟಳಂತೆ. ಮುಂದಿನ ವಾರ ಕಾಗದಗಳನ್ನು ಅಂಚೆಗೆ ಹಾಕಬೇಕು.