ಕಿತ್ತೂರು ಕಾಳಗದ ಗೋರಿಗಳು

ಕಾಳಗ ನಡೆದದ್ದು ಕಿತ್ತೂರಿನಲ್ಲಿ. ಅದರ ಹೆಸರಾಂತ ಗೋರಿಗಳಿರುವುದು ಬೇರೆ ಊರುಗಳಲ್ಲಿ. ಹೆದ್ದಾರಿ ಬಿಟ್ಟು ಕಿತ್ತೂರಿಗಿಳಿದು ಕೋಟೆ ನೋಡಿದವರು, ಅಕ್ಟೋಬರ್ ಉತ್ಸವದಲ್ಲಿ ಧೂಳು ಕುಡಿದು ಮಿರ್ಚಿ ಭಜಿ ತಿಂದವರು, ಎಲ್ಲರೂ ಬೈಲಹೊಂಗಲದಲ್ಲಿರುವ ಕಿತ್ತೂರಿನ ರಾಣಿ ಚೆನ್ನಮ್ಮನ ಸಮಾಧಿಗೂ ಹೋಗಿರುತ್ತಾರೆ ಎನ್ನಲಾಗದು. ಧಾರವಾಡದ ಹಳೆಯ ಇಂಗ್ಲಿಷ್ ಸ್ಮಶಾನದ ಮಾತಂತೂ ದೂರವೇ ಉಳಿಯಿತು.

ಆ ಸ್ಮಶಾನದಲ್ಲಿರುವವನು ಸೇಂಟ್ ಜಾನ್ ಥ್ಯಾಕರೆ; ಧಾರವಾಡದ ಕಲೆಕ್ಟರ್, ಈಸ್ಟ್ ಇಂಡಿಯಾ ಕಂಪನಿಯ ಪೊಲಿಟಿಕಲ್ ಏಜೆಂಟ್, ಮುಂದೆ ಕಾದಂಬರಿಕಾರನಾಗಿ ಹೆಸರಾದ ಥ್ಯಾಕರೆಯ ಚಿಕ್ಕಪ್ಪ. ಕಿತ್ತೂರಿನ ಗಾದಿಗೆ ಮಾಡಿಕೊಂಡ ದತ್ತಕವನ್ನು ಒಪ್ಪದೆ ಅಲ್ಲಿಯ ಖಜಾನೆಗೆ ಬೀಗ ಹಾಕಿಸಹೋದವನು 1824ರ ಅಕ್ಟೋಬರ್ 23ರಂದು ಕೋಟೆಯ ಮುಂದೆ ಬಿದ್ದ. ಹೊಡೆದವನು ಅಮಟೂರ ಬಾಳಪ್ಪ ಎಂಬುದು ನಾಡಿನ ಮಾತು. ಅಂದು ಬ್ಲಾಕ್, ಸೀವೆಲ್, ಡೈಟನ್ ಎಂಬ ಸೇನಾಧಿಕಾರಿಗಳೂ ಸತ್ತರು. ಸೋತ ದಿನ ಸತ್ತವರಿಗೂ ಕಂಪನಿಯವರು ಕಲ್ಲು ನಿಲ್ಲಿಸಿದರು; ಗೆದ್ದವರಿಗೆ ಅಷ್ಟು ಪುರಸೊತ್ತು ಸಿಗಲಿಲ್ಲ. ಡಿಸೆಂಬರ್ ಮೊದಲ ವಾರದಲ್ಲಿ ಕೋಟೆಯೇ ಬಿತ್ತು. ಆ ಸಲ ಸತ್ತ ಸೊಲ್ಲಾಪುರದ ಸಬ್‌ಕಲೆಕ್ಟರ್ ಮನ್ರೋ, ಮದ್ರಾಸಿನ ಗವರ್ನರ್ ಥಾಮಸ್ ಮನ್ರೋನ ಸಂಬಂಧಿ. ಮುಂದೆ 1858ರಲ್ಲಿ ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ಇನ್ನೊಬ್ಬ ಏಜೆಂಟ್ ಮ್ಯಾನ್ಸನ್ ಹತನಾದ; ಅವನ ರುಂಡ ನರಗುಂದದ ಅಗಸಿಯಲ್ಲಿ ತೂಗಿತು. ಈ ಸೀಮೆಯ ಏಜೆಂಟ್‌ಗಿರಿ ಅಷ್ಟೇನೂ ಸುಖದ ನೌಕರಿಯಾಗಿರಲಿಲ್ಲ.

ಕಿತ್ತೂರಿನಲ್ಲಿ ಸಾಯದೆ ಸೆರೆಸಿಕ್ಕ ಕಂಪನಿ ಅಧಿಕಾರಿಗಳು ಇಬ್ಬರು: ಸ್ಟೀವನ್‌ಸನ್ ಮತ್ತು 21 ವರ್ಷದ ವಾಲ್ಟರ್ ಎಲಿಯಟ್. ಕೊನೆಯ ದಾಳಿಗೆ ಮುಂಚೆ ಅವರನ್ನು ಬಿಟ್ಟುಕೊಟ್ಟರು. ಬಿಡುಗಡೆಯಾದ ಹುಡುಗನಿಗೆ ಈ ಸೀಮೆಯ ಮೇಲೆ ಸಿಟ್ಟು ಬರುವುದು ನ್ಯಾಯವಾಗಿತ್ತು. ಬಂದದ್ದು ಶಾಸನಗಳ ಹುಚ್ಚು. ಹಾಳುಗುಡಿಗಳ ಕನ್ನಡ ಕಲ್ಲುಬರಹಗಳನ್ನು ನೂರಾರು ಸಂಖ್ಯೆಯಲ್ಲಿ ನಕಲು ಮಾಡಿಸಿ, ಚಾಲುಕ್ಯರ ವಂಶಾವಳಿ ಹೊಂದಿಸಲು ಕೂತ. ಅದೂ ಸಾಲದೆ ಮರಾಠಾ ಸೀಮೆಯ ದಕ್ಷಿಣಭಾಗದ ಪ್ರಾಣಿಗಳ ಪಟ್ಟಿಗೆ ಇಳಿದ. ಹೊಲದ ಬದುವಿನಲ್ಲಿ ಓಡುವ ಒಂದು ಇಲಿಗೆ ಪ್ರಾಣಿಶಾಸ್ತ್ರದ ಹೆಸರು ಗೋಲುಂಡ ಎಲಿಯೋಟಿ. ಅದರಲ್ಲಿ ಎರಡನೆಯ ಪದ ಅವನದು, ಮೊದಲನೆಯದು ಇಲ್ಲಿಯ ಜನ ಕರೆಯುತ್ತಿದ್ದ ‘ಗುಲಂದಿ’. ಕಿತ್ತೂರಿನ ಸೆರೆಯಾಳಿಗೆ ಹೀಗೊಂದು ಓಡಾಡುವ ಸ್ಮಾರಕ.

ಕೋಟೆ ಬಿದ್ದ ಮೇಲೆ ರಾಣಿ ಚೆನ್ನಮ್ಮನನ್ನು ಸೆರೆಯಲ್ಲಿಟ್ಟದ್ದು ಬೈಲಹೊಂಗಲದ ಕೋಟೆಯಲ್ಲಿ. 1829ರ ಫೆಬ್ರವರಿಯಲ್ಲಿ ಅಲ್ಲಿಯೇ ತೀರಿಕೊಂಡಳು. ಲಿಂಗವಂತರಲ್ಲಿ ಸುಡುವ ರೂಢಿಯಿಲ್ಲ. ವಿಭೂತಿ, ಪತ್ರಿ ಹಾಕಿ, ಕೂರಿಸಿ ಮಣ್ಣು ಮಾಡುತ್ತಾರೆ. ಆ ಪದ್ಧತಿಯ ಪುಣ್ಯದಿಂದ ಅವಳು ಮಲಗಿದ ನೆಲಕ್ಕೆ ಗುರುತು ಉಳಿಯಿತು. ಸುತ್ತ ಉದ್ಯಾನ, ಸಮಾಧಿಗೆ ಕಟ್ಟಡ ಎಲ್ಲ ಆಮೇಲಿನದು. ಅಲ್ಲಿಯ ತನಕ ಹೆಸರನ್ನು ಕಾದದ್ದು ಲಾವಣಿ, ಗೀಗೀಪದ. ಹಾಡಿಗೆ ಕಲ್ಲುಕುಟಿಗನ ಕೂಲಿ ಬೇಡ. ಬೈಲಹೊಂಗಲದ ಪೇಟೆಗೆ ಹತ್ತಿಗಾಡಿ ಹೊಡೆದುಕೊಂಡು ಬಂದವರ ಬಾಯಲ್ಲಿ ಅದು ಸವದತ್ತಿ ದಾಟಿ ರಾಮದುರ್ಗಕ್ಕೂ ಹೋಗಿದ್ದರೆ ಆಶ್ಚರ್ಯವಿಲ್ಲ. 2007ರಲ್ಲಿ ದೆಹಲಿಯ ಸಂಸತ್ತಿನ ಆವರಣದಲ್ಲೂ ಚೆನ್ನಮ್ಮನ ಪ್ರತಿಮೆ ನಿಂತಿತು. ಪ್ರತಿಮೆಯ ಮುಂದೆ ಫೋಟೊ ತೆಗೆಸಿಕೊಳ್ಳುವವರೆಲ್ಲ ಬೈಲಹೊಂಗಲದ ದಾರಿ ಕೇಳುವವರಲ್ಲ.

ಇನ್ನೊಂದು ಗೋರಿ ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ. ಚೆನ್ನಮ್ಮ ತೀರಿದ ಮೇಲೂ ಕಾದಾಡಿದ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಅಲ್ಲಿ ಗಲ್ಲಿಗೇರಿಸಿದರು. ಹುಟ್ಟಿದ್ದು ಆಗಸ್ಟ್ 15 ಎಂಬ ನಂಬಿಕೆಯನ್ನೂ ಸೇರಿಸಿ, ಎರಡು ರಾಷ್ಟ್ರೀಯ ಹಬ್ಬಗಳನ್ನು ಅವನೇ ಮುಂಗಡ ಕಾದಿರಿಸಿದಂತೆ ಭಾಷಣಕಾರರು ಹೇಳುವುದುಂಟು. ಸಮಾಧಿಯ ಮೇಲೊಂದು ಆಲದಮರ ಬೆಳೆದಿದೆ. ಮಕ್ಕಳಾಗದ ಹೆಣ್ಣುಮಕ್ಕಳು ಹರಕೆ ಹೊತ್ತು ಅದರ ಕೊಂಬೆಗಳಿಗೆ ಪುಟ್ಟ ಮರದ ತೊಟ್ಟಿಲು ಕಟ್ಟುತ್ತಾರೆ. ಮಳೆಗೆ ಬಣ್ಣ ಬಿಟ್ಟವು, ಹಗ್ಗ ಸಡಿಲವಾಗಿ ಓರೆಯಾದವು, ಹೊಸದಾಗಿ ಕಟ್ಟಿದವು, ಎಲ್ಲವೂ ಒಂದೇ ಮರದಲ್ಲಿ ತೂಗುತ್ತಿರುತ್ತವೆ.