ಚದುರಂಗದ ಹಲಗೆಯ ಸಂಖ್ಯೆ

ಚದುರಂಗದ ಹಲಗೆಯ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಇಮ್ಮಡಿಸುತ್ತ ಅರುವತ್ತನಾಲ್ಕು ಮನೆಗಳನ್ನೂ ತುಂಬಿಸಿಕೊಡಬೇಕೆಂದು ಅರಸನನ್ನು ಬೇಡಿದ ಜಾಣನ ಕಥೆಯನ್ನು ಅರಿಯದವರು ವಿರಳ. ಅರಸನು ನಕ್ಕು ಒಪ್ಪಿದನಂತೆ. ಕಣಜಗಳು ಬರಿದಾದರೂ ಲೆಕ್ಕವು ತೀರಲಿಲ್ಲವಂತೆ. ಆ ಕಾಳುಗಳ ಮೊತ್ತವು ೧,೮೪,೪೬,೭೪,೪೦,೭೩,೭೦,೯೫,೫೧,೬೧೫. ಇದನ್ನು ಅಲ್‌ಬೆರೂನಿಯೆಂಬ ಪಂಡಿತನು ಸುಮಾರು ಕ್ರಿ. ಶ. ೧೦೦೦ದಷ್ಟು ಹಿಂದೆಯೇ ಗಣಿಸಿ ಬರೆದಿಟ್ಟಿರುವನು.

ಫ್ರಾನ್ಸಿನ ಗಣಿತಜ್ಞನಾದ ಎದ್ವಾರ್ ಲ್ಯೂಕಾ ೧೮೮೩ರಲ್ಲಿ ಹೊರತಂದ ಬಿಲ್ಲೆಗಳ ಆಟದಲ್ಲಿಯೂ ಇದೇ ಸಂಖ್ಯೆಯು ತಲೆದೋರುವುದು. ಕಾಶಿಯ ದೇಗುಲವೊಂದರಲ್ಲಿ ಅರ್ಚಕರು ಅರುವತ್ತನಾಲ್ಕು ಚಿನ್ನದ ಬಿಲ್ಲೆಗಳನ್ನು ಒಂದು ಸೂಜಿಯಿಂದ ಮತ್ತೊಂದಕ್ಕೆ ಸಾಗಿಸುತ್ತಿರುವರೆಂದೂ, ಆ ಕೆಲಸವು ಮುಗಿದ ದಿನ ಪ್ರಳಯವಾಗುವುದೆಂದೂ ಅದರೊಡನೆ ಒಂದು ಕಟ್ಟುಕಥೆ ಹಬ್ಬಿತು. ಸೆಕೆಂಡಿಗೊಂದು ಬಿಲ್ಲೆಯನ್ನು ಸರಿಸಿದರೂ ೫೮,೦೦೦ ಕೋಟಿ ವರ್ಷಗಳಿಗೆ ಮೇಲಾಗುವುದು. ಪುರಾಣದ ಗಣನೆಯಂತೆ ಕಲ್ಪವೊಂದಕ್ಕೆ ೪೩೨ ಕೋಟಿ ವರ್ಷಗಳಾದುದರಿಂದ, ಇದು ಸುಮಾರು ೧೩೫ ಕಲ್ಪಗಳ ಕೆಲಸ. ಪ್ರಳಯಕ್ಕೆ ಅಂಜಬೇಕಾದುದಿಲ್ಲ.

ಆದರೆ ಗಾತ್ರದಿಂದ ಬೆರಗುಗೊಳಿಸುವ ಸಂಖ್ಯೆಗಳಿಗೆ ಕೊರತೆಯಿಲ್ಲ. ಇದರ ಸ್ವಾರಸ್ಯವು ಒಡೆದು ನೋಡಿದಾಗ ಗೋಚರಿಸುವುದು. ೩ನ್ನು ೫ರಿಂದ ಗುಣಿಸಿದರೆ ೧೫. ಅದನ್ನು ೧೭ರಿಂದ ಗುಣಿಸಿದರೆ ೨೫೫. ಅದನ್ನು ೨೫೭ರಿಂದ ಗುಣಿಸಿದರೆ ೬೫,೫೩೫. ಅದನ್ನು ೬೫,೫೩೭ರಿಂದ ಗುಣಿಸಿದರೆ ೪,೨೯,೪೯,೬೭,೨೯೫. ಇದು ಹಲಗೆಯ ಮೊದಲರ್ಧದ ಕಾಳುಗಳ ಮೊತ್ತ. ಪ್ರತಿಯೊಂದು ಲಬ್ಧಕ್ಕೂ ಎರಡನ್ನು ಕೂಡಿಸಿದರೆ ಮುಂದಿನ ಗುಣಕವು ದೊರೆಯುವುದೆಂಬುದನ್ನು ವಾಚಕರು ಗಮನಿಸಬಹುದು. ಅದೇ ಕ್ರಮದಲ್ಲಿ ೪,೨೯,೪೯,೬೭,೨೯೭ರಿಂದ ಇನ್ನೊಮ್ಮೆ ಗುಣಿಸಿದೊಡನೆ ಚದುರಂಗದ ಸಂಖ್ಯೆಯು ಪೂರ್ಣವಾಗುವುದು.

ಈ ಗುಣಕಗಳನ್ನು ಕುರಿತು ಪಿಯೆರ್ ದ ಫೆರ್ಮಾ ೧೬೪೦ರಲ್ಲಿ ಒಂದು ಮಾತನ್ನಾಡಿದನು: ಈ ಮಾದರಿಯವೆಲ್ಲವೂ ಅವಿಭಾಜ್ಯ ಸಂಖ್ಯೆಗಳು, ಅಂದರೆ ಒಂದರಿಂದಲೂ ತಮ್ಮಿಂದಲೂ ಹೊರತು ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗವು. ೩, ೫, ೧೭, ೨೫೭, ೬೫,೫೩೭ ಈ ಐದೂ ಅವನ ಮಾತಿಗೆ ಸಾಕ್ಷಿ ನುಡಿದುವು. ಸುಮಾರು ತೊಂಬತ್ತು ವರ್ಷಗಳ ಮೇಲೆ, ೧೭೩೨ರಲ್ಲಿ, ಆಯ್ಲರನು ಆರನೆಯದನ್ನು ಒಡೆದುಬಿಟ್ಟನು. ಅದು ೬೪೧ ಮತ್ತು ೬೭,೦೦,೪೧೭ರ ಗುಣಲಬ್ಧ. ಅದನ್ನು ಭಾಗಿಸುವ ಅವಿಭಾಜ್ಯವು ಯಾವುದೇ ಆಗಲಿ, ೬೪ರಿಂದ ಭಾಗಿಸಿದಾಗ ಒಂದನ್ನೇ ಶೇಷವುಳಿಸಬೇಕು. ಅಂಥವು ಮೊದಲಿನಿಂದ ೧೯೩, ೨೫೭, ೪೪೯, ೫೭೭, ೬೪೧. ಐದನೆಯ ಯತ್ನಕ್ಕೇ ಬೀಗವು ತೆರೆಯುವುದು. ಗುಣಾಕಾರವನ್ನು ಬಲ್ಲ ಬಾಲಕನೂ ಹಲಗೆ ಬಳಪಗಳಿಂದ ಇದನ್ನು ಪರೀಕ್ಷಿಸಬಹುದು.

ಮುರಿದ ಮಾತಿನಿಂದಲೂ ಫಲವುಂಟಾಯಿತು. ೧೭೯೬ರಲ್ಲಿ ಹದಿನೆಂಟರ ತರುಣ ಗೌಸನು ಅಳತೆಪಟ್ಟಿ ಕೈವಾರಗಳಿಂದಲೇ ಹದಿನೇಳು ಭುಜಗಳ ಸಮಾಕೃತಿಯನ್ನು ರಚಿಸಬಹುದೆಂದು ಕಂಡನು. ಅಂಥ ರಚನೆಗೆ ಒದಗುವ ವಿಷಮ ಅವಿಭಾಜ್ಯಗಳು ಫೆರ್ಮಾನ ಮಾದರಿಯವೇ. ಮೊದಲ ಐದರ ಹೊರತು ಆರನೆಯದೊಂದು ಇಂದಿನವರೆಗೂ ದೊರೆತಿಲ್ಲ.

ಐದು ಸಲ ನಿಜವಾದುದನ್ನು ಆರನೆಯ ಸಲವೂ ನಂಬುವುದು ಲೋಕದ ರೂಢಿ. ನಿತ್ಯದ ವ್ಯವಹಾರವು ಅದರಿಂದಲೇ ಸಾಗುವುದು. ಶಾಸ್ತ್ರಕ್ಕೆ ಅಷ್ಟು ಸಾಲದು. ತನ್ನ ಮಾತಿಗೆ ಪೂರ್ಣ ಸಾಧನೆಯು ತನ್ನಲ್ಲಿಲ್ಲವೆಂದು ಫೆರ್ಮಾ ತಾನೇ ಬರೆದಿದ್ದನು. ಆ ಪ್ರಾಮಾಣಿಕತೆಯಿಂದಲೇ ಪ್ರಶ್ನೆಯು ಮುಂದಿನವರಿಗೆ ತೆರೆದುಳಿಯಿತು. ಅವನ ಐದು ಗೆಲವುಗಳೂ ಒಂದು ಸೋಲೂ ಅರಸನು ತೀರಿಸಲಾರದೆ ಹೋದ ಆ ಒಂದೇ ಸಾಲದಲ್ಲಿ ಅಡಗಿರುವುವು.