ಕಾಗೆ ಕೇಳಿದ ಮಾತು

ಎಡ್ಗರ್ ಅಲನ್ ಪೋನ ‘ದಿ ರೇವನ್’ ಕವನ 1845ರ ಜನವರಿಯಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. 18 ಪದ್ಯ, 108 ಸಾಲು, ಜಪಮಾಲೆಯ ಮಣಿಗಳಷ್ಟೇ. ಸತ್ತ ಪ್ರಿಯೆಗಾಗಿ ಕೊರಗುವವನೊಬ್ಬ, ನಡುರಾತ್ರಿ ಒಳಬಂದ ಕಾಡುಕಾಗೆಯನ್ನು ಪ್ರಶ್ನಿಸುತ್ತಾನೆ. ಅದು ಬಲ್ಲುದು ಒಂದೇ ಮಾತು. ಅದನ್ನರಿತೂ ಅವನು ಕೇಳುವುದನ್ನು ಬಿಡನು.

ಈ ಹೆಸರಿನ ಚಿತ್ರಗಳನ್ನೂ ನೋಡಿದೆ. 1935ರ ಚಿತ್ರದಲ್ಲಿ ಬೇಲಾ ಲುಗೋಸಿ ಪೋನ ಹುಚ್ಚು ಹಿಡಿದ ವೈದ್ಯ; ಮನೆ ತುಂಬ ಚಿತ್ರಹಿಂಸೆಯ ಯಂತ್ರಗಳು. 1963ರ ರೋಜರ್ ಕಾರ್ಮನ್ ಚಿತ್ರವಂತೂ ಮಾಂತ್ರಿಕರ ನಗೆಯಾಟ. ಕವನದ ದುಃಖ ನನಗೆ ಎರಡರಲ್ಲಿಯೂ ಸಿಕ್ಕಲಿಲ್ಲ. ಅದನ್ನು ನಾನು ಕಂಡದ್ದು ಅಲೆವೂರಿನ ನಮ್ಮ ಅಂಗಳದಲ್ಲಿ.

ತಂದೆಯವರ ಬೊಜ್ಜದ ದಿನ. ಬಾಳೆಲೆಯ ಅನ್ನವನ್ನು ಕಾಗೆ ಮುಟ್ಟಲೊಲ್ಲದು. ತೆಂಗಿನ ಮರದಿಂದ ನೋಡುತ್ತಿತ್ತು. “ಯಾವ ಆಸೆ ಉಳಿಯಿತೋ!” ಎಂದರು ಹಿರಿಯರು. ನಾನು ಓದು ಬಿಟ್ಟು ಮುಂಬಯಿಯ ಹೋಟೆಲಿಗೆ ಹೋಗುವುದೆಂದು ಅದಾಗಲೇ ಮಾತಾಗಿತ್ತು. ಅಮ್ಮ ಕೈಮುಗಿದು, “ಮಗನ ಓದು ನಿಲ್ಲಿಸುವುದಿಲ್ಲ, ತಿನ್ನಿ” ಎಂದರು. ಕಾಗೆ ಇಳಿಯಿತು.

ಅದಕ್ಕೆ ಹಸಿವಾಗಿತ್ತೋ, ತಂದೆಯವರಿಗೆ ಕೇಳಿಸಿತೋ, ನಾನರಿಯೆ. ನಾನೀಗ ಅಂತಿಮ ಬಿ.ಎ.ಯಲ್ಲಿದ್ದೇನೆ. ಕೊಟ್ಟ ಮಾತನ್ನು ಅಮ್ಮ ಬೀಡಿ ಕಟ್ಟಿ ಉಳಿಸಿಕೊಂಡಿದ್ದಾರೆ.